ಟ್ರ್ಯಾಕ್ಟರ್ ತೊಳೆಯುವ ಮುನ್ನ ಕೊಳೆ ಯಾವುದೆಂದು ನೋಡಿ

ಹೊಟ್ಟನ್ನು ಒಣಗಿದ್ದಾಗಲೇ ತೆಗೆಯಬೇಕು, ಕೆಸರನ್ನು ಹಸಿಯಿದ್ದಾಗಲೇ ತೆಗೆಯಬೇಕು. ಟ್ರ್ಯಾಕ್ಟರ್ ತೊಳೆಯುವವರು ಇದೊಂದನ್ನು ನೆನಪಿಟ್ಟುಕೊಂಡರೂ ಅರ್ಧ ಕೆಲಸ ಸಲೀಸು. ರಾಗಿ ಒಕ್ಕಿ ಬಂದ ಗಾಡಿಯ ರೇಡಿಯೇಟರ್‌ಗೆ ನೇರವಾಗಿ ನೀರಿನ ಪೈಪ್ ಹಿಡಿದರೆ ಹೊಟ್ಟು ನೆನೆದು ಅಂಬಲಿಯಾಗಿ ಜಾಲರಿಯ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಮಾರನೆಯ ದಿನ ಎಂಜಿನ್ ಬಿಸಿಗೆ ಅದೇ ಒಣಗಿ ಗೋಡೆಯಾಗುತ್ತದೆ. ಗದ್ದೆಯಿಂದ ಬಂದ ಗಾಡಿಯನ್ನು ‘ನಾಳೆ ತೊಳೆದರಾಯ್ತು’ ಎಂದು ಹಾಗೇ ನಿಲ್ಲಿಸಿದರೆ, ಸಂಜೆ ಎರಡು ಕೊಡ ನೀರಿಗೆ ಹೋಗುತ್ತಿದ್ದ ಕೆಸರು ಬೆಳಿಗ್ಗೆ ಉಳಿ ಹಿಡಿದು ಕೆತ್ತುವಂತಾಗಿರುತ್ತದೆ.

ಬಣ್ಣ ಹೊಳೆಯಲಿ ಎಂದು ತೊಳೆಯುವುದು ಬೇರೆ, ಗಾಡಿ ಬಾಳಲಿ ಎಂದು ತೊಳೆಯುವುದು ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯದು. ರೇಡಿಯೇಟರ್‌ಗೆ ಗಾಳಿ ಆಡಬೇಕು, ಎಂಜಿನ್ ಒಳಗೆ ದೂಳು ಹೋಗಬಾರದು, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ಗಳ ತುಟಿಯಲ್ಲಿ ಮರಳು ಕೂರಬಾರದು, ಎಲ್ಲಿ ಎಣ್ಣೆ ಸೋರುತ್ತಿದೆ, ಎಲ್ಲಿ ನಟ್ ಸಡಿಲಾಗಿದೆ ಎಂಬುದು ಕಣ್ಣಿಗೆ ಬೀಳಬೇಕು. ತೊಳೆಯುವುದು ಇಷ್ಟಕ್ಕೆ. ಹಾಗೆಂದು ದಿನವೂ ಜೋರು ನೀರು ಹೊಡೆದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ದೂಳು ಹೋಗಲಾಗದ ಜಾಗಕ್ಕೂ ಒತ್ತಡದ ನೀರು ನುಗ್ಗುತ್ತದೆ.

ಎಷ್ಟು ದಿನಕ್ಕೊಮ್ಮೆ?

ದಿನದ ಲೆಕ್ಕ ಬೇಡ. ಮೀಟರ್‌ನಲ್ಲಿ ಓಡಿದ ಗಂಟೆ ಮತ್ತು ಮಾಡಿದ ಕೆಲಸ, ಈ ಎರಡರ ಲೆಕ್ಕ ಇಡಿ.

ಪ್ರತಿದಿನ, ಅಂದರೆ 8ರಿಂದ 10 ಗಂಟೆ ಕೆಲಸಕ್ಕೊಮ್ಮೆ, ನೀರೇ ಇಲ್ಲದ ಹತ್ತು ನಿಮಿಷದ ಶುಚಿ ಸಾಕು. ರೇಡಿಯೇಟರ್ ಮುಂದಿನ ಜಾಲರಿ ಕೊಡವಿ, ಏರ್ ಕ್ಲೀನರ್ ನೋಡಿ, ಕ್ಲಚ್ ಮತ್ತು ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡ ಮಣ್ಣು ತೆಗೆಯಿರಿ, ದೀಪದ ಗಾಜು ಒರೆಸಿ. ಪೆಡಲ್ ಕೆಳಗಿನ ಒಂದು ಕಲ್ಲೋ ಹೆಂಟೆಯೋ ಬ್ರೇಕ್ ಪೂರ್ತಿ ಇಳಿಯದಂತೆ ಮಾಡಬಲ್ಲದು. ಹಾಗಾಗಿ ಅದನ್ನು ಬರೀ ಶುಚಿಯ ಕೆಲಸ ಎನ್ನಬೇಡಿ.

ಒಣಭೂಮಿಯ ಉಳುಮೆ, ಕುಂಟೆ, ಬಿತ್ತನೆ ಮಾಡುವ ಗಾಡಿಗೆ ಸುಮಾರು 50 ಗಂಟೆಗೊಮ್ಮೆ ನೀರಿನಲ್ಲಿ ಪೂರ್ತಿ ತೊಳೆತ ಆದರೆ ಸಾಕು. ಕೆಸರುಗದ್ದೆಗೆ ಇಳಿದ ಗಾಡಿಗೆ ಮಾತ್ರ ದಿನವೂ ಸಂಜೆ ನೀರು ಬೇಕು, ಅದೂ ಕೆಳಭಾಗಕ್ಕೆ. ಗೊಬ್ಬರ ಎರಚಿದ ದಿನ, ಔಷಧಿ ಹೊಡೆದ ದಿನ ಯಾವ ಗಂಟೆಯ ಲೆಕ್ಕವೂ ಇಲ್ಲ, ಅವತ್ತೇ ತೊಳೆಯಬೇಕು. ಸರ್ವಿಸ್‌ಗೆ ಬಿಡುವ ಹಿಂದಿನ ದಿನವೂ ತೊಳೆದಿರಲಿ. ಮಣ್ಣು ಮೆತ್ತಿದ ಗಾಡಿಯ ಫಿಲ್ಟರ್ ಬಿಚ್ಚಿದರೆ ಮೊದಲು ಒಳಗೆ ಬೀಳುವುದು ಆ ಮಣ್ಣೇ.

ಮಣ್ಣಿನ ಗುಣವನ್ನೂ ನೋಡಬೇಕು. ವಿಜಯಪುರ, ಗದಗ ಕಡೆಯ ಎರೆಮಣ್ಣು ಅರೆಹಸಿಯಲ್ಲಿ ಅಂಟಿನಂತೆ ಹಿಡಿಯುತ್ತದೆ. ಅದನ್ನು ಪೂರ್ತಿ ಹಸಿಯಿದ್ದಾಗ ತೊಳೆಯಿರಿ, ಇಲ್ಲವೇ ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ಹಲಗೆಯಿಂದ ತಟ್ಟಿ ಉದುರಿಸಿ. ನಡುವಿನ ಹದದಲ್ಲಿ ಕೈ ಹಾಕಿದರೆ ಮಣ್ಣು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಕೋಲಾರ, ತುಮಕೂರಿನ ಕೆಂಪುಮಣ್ಣು ಬೇಗ ಬಿಡುತ್ತದೆ, ಆದರೆ ಅದರ ನಯವಾದ ದೂಳು ಏರ್ ಕ್ಲೀನರ್‌ಗೆ ಶತ್ರು. ಕರಾವಳಿಯಲ್ಲಿ ಉಪ್ಪುನೀರು ತಾಕುವ ಗದ್ದೆಗಳಲ್ಲಿ ದುಡಿದ ಗಾಡಿಗೆ ಅವತ್ತೇ ಸಿಹಿನೀರು ಕಾಣಿಸದಿದ್ದರೆ ತುಕ್ಕು ಕಾಯುತ್ತಾ ಕೂರುವುದಿಲ್ಲ.

ನೀರು ಬಿಡುವ ಮುಂಚೆ

ಗಾಡಿಯನ್ನು ಸಮತಟ್ಟಾದ, ಜಲ್ಲಿ ಅಥವಾ ಕಾಂಕ್ರೀಟ್ ಹಾಕಿದ ಜಾಗದಲ್ಲಿ ನಿಲ್ಲಿಸಿ. ಬಾವಿ, ಕೆರೆ, ದನದ ತೊಟ್ಟಿಯಿಂದ ದೂರವಿರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಲಿಫ್ಟ್ ಮೇಲಿದ್ದ ನೇಗಿಲು ಅಥವಾ ರೋಟಾವೇಟರ್ ನೆಲಕ್ಕಿಳಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ರೋಟಾವೇಟರ್ ಎತ್ತಿ ಅಡಿಯಲ್ಲಿ ತೊಳೆಯುವುದಿದ್ದರೆ ಗಟ್ಟಿ ಮರದ ದಿಮ್ಮಿ ಕೊಟ್ಟೇ ಕೈ ಒಳಗೆ ಹಾಕಿ. ಲಿಫ್ಟನ್ನು ನಂಬಿ ಅಡಿಗೆ ಹೋಗಬಾರದು. ಒಳಗಿನ ಒಂದು ಸೀಲ್ ಕೈಕೊಟ್ಟರೆ, ಲಿವರ್‌ಗೆ ಯಾರದೋ ಮೊಣಕೈ ತಾಗಿದರೆ, ಅದು ಕೆಳಗೆ ಬರುತ್ತದೆ.

ಆಮೇಲೆ ಕಾಯಬೇಕು. ಎಂಜಿನ್ ಆರಲು 30ರಿಂದ 45 ನಿಮಿಷ ಕೊಡಿ. ಇದನ್ನು ಯಾರೂ ಪಾಲಿಸುವುದಿಲ್ಲ, ಹೆಚ್ಚಿನ ಹಾನಿಯೂ ಇಲ್ಲೇ ಆಗುತ್ತದೆ. ಡೀಸೆಲ್ ಪಂಪ್ ಒಳಗಿನ ಭಾಗಗಳ ನಡುವೆ ಇರುವ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಕಾದ ಪಂಪಿನ ಮೇಲೆ ತಣ್ಣೀರು ಬಿದ್ದರೆ ಹೊರಕವಚ ಥಟ್ಟನೆ ಕುಗ್ಗಿ ಒಳಗಿನದನ್ನು ಹಿಡಿದುಕೊಳ್ಳುತ್ತದೆ, ಪಂಪ್ ಜಾಮ್ ಆಗಬಹುದು. ಕಾದ ಸೈಲೆನ್ಸರ್ ಮನಿಫೋಲ್ಡ್ ಮೇಲೆ ನೀರು ಬಿದ್ದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು.

ಗಾಡಿಯನ್ನು ಕೆಲಸದಿಂದ ನೇರವಾಗಿ ಹಳ್ಳಕ್ಕೋ ಕೆರೆಗೋ ಇಳಿಸಿ ತೊಳೆಯುವ ಅಭ್ಯಾಸ ಇನ್ನೂ ಇದೆ. ನೀರಿಗೆ ಎಣ್ಣೆ ಸೇರುತ್ತದೆ ಎನ್ನುವುದು ಒಂದು ತಪ್ಪು. ಗಾಡಿಗೂ ಅದು ಕೇಡು. ದುಡಿದು ಬಿಸಿಯಾದ, ಚಕ್ರದ ನಡುವಿನ ಹಬ್ ಮತ್ತು ಆಕ್ಸಲ್ ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿನಲ್ಲಿ ಮುಳುಗಿದ ಕೂಡಲೇ ಅದು ಕುಗ್ಗಿ, ಒಳಗೆ ಸೆಳೆತ ಹುಟ್ಟಿ, ಸೀಲ್‌ನ ತುಟಿಯ ಮೂಲಕ ಕೆಸರುನೀರನ್ನೇ ಎಳೆದುಕೊಳ್ಳುತ್ತದೆ. ಮುಂದಿನ ಚಕ್ರದ ಬೇರಿಂಗ್ ಆರು ತಿಂಗಳಿಗೆ ‘ಗರಗರ’ ಎನ್ನುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಎಂಜಿನ್ ಆರುವಷ್ಟರಲ್ಲಿ ಮುಚ್ಚಬೇಕಾದ್ದನ್ನು ಮುಚ್ಚಿ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಿ. ಸೈಲೆನ್ಸರ್ ಬಾಯಿಗೆ ಖಾಲಿ ಡಬ್ಬಿ ಬೋರಲು ಹಾಕಿ. ಏರ್ ಕ್ಲೀನರ್‌ನ ಟೋಪಿಗೆ, ಡೈನಮೋಗೆ, ಸೆಲ್ಫ್ ಮೋಟರ್‌ಗೆ, ಫ್ಯೂಸ್ ಪೆಟ್ಟಿಗೆಗೆ, ಮೀಟರ್ ಬೋರ್ಡ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಡೀಸೆಲ್ ಟ್ಯಾಂಕ್ ಮುಚ್ಚಳ, ಎಂಜಿನ್ ಆಯಿಲ್ ಮುಚ್ಚಳ, ಆಯಿಲ್ ಕಡ್ಡಿ, ಹೈಡ್ರಾಲಿಕ್ ಮುಚ್ಚಳ ಬಿಗಿಯಾಗಿವೆಯೇ ಎಂದು ಕೈಯಿಂದ ಒಂದೊಂದಾಗಿ ಒತ್ತಿ ನೋಡಿ. 50 ಎಚ್‌ಪಿ ಮೀರಿದ, 2023ರ ಜನವರಿಯಿಂದ ಜಾರಿಗೆ ಬಂದ ಟ್ರೆಮ್ 4 ಎಂಬ ಹೊಗೆ ನಿಯಂತ್ರಣ ನಿಯಮದ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸೆನ್ಸರ್, ವೈರಿಂಗ್ ಕಪ್ಲರ್‌ಗಳು ತುಂಬಾ ಇವೆ. ಅಂಥ ಗಾಡಿಯ ಬಾನೆಟ್ ಒಳಗೆ ಒತ್ತಡದ ನೀರು ಬೇಡವೇ ಬೇಡ, ಒದ್ದೆಬಟ್ಟೆ ಮತ್ತು ಬ್ರಷ್ ಸಾಕು.

ರೇಡಿಯೇಟರ್

ಟ್ರ್ಯಾಕ್ಟರ್‌ನ ಫ್ಯಾನ್ ಗಾಳಿಯನ್ನು ಮುಂದಿನಿಂದ ಎಂಜಿನ್ ಕಡೆಗೆ ಎಳೆಯುತ್ತದೆ. ಕಸವೂ ಅದೇ ದಾರಿಯಲ್ಲಿ ಬಂದು ಜಾಲರಿಯ ಮುಂಭಾಗದಲ್ಲಿ ಸಿಕ್ಕಿರುತ್ತದೆ. ಅಂದ ಮೇಲೆ ಅದನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. ಗಾಳಿಯಾಗಲಿ ನೀರಾಗಲಿ ಫ್ಯಾನ್ ಕಡೆಯಿಂದ ಮುಂದಕ್ಕೆ ಹೊಡೆಯಬೇಕು. ಮುಂದಿನಿಂದ ಪೈಪ್ ಹಿಡಿದರೆ ಹೊಟ್ಟು ಇನ್ನೂ ಆಳಕ್ಕೆ ಹೋಗಿ ನಡುವಿನಲ್ಲಿ ಬೆಣೆಯಾಗುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಶುಭ್ರ.

ಮೊದಲು ಗ್ರಿಲ್ ಬಿಚ್ಚಿ, ಮುಂದಿನ ಜಾಲರಿ ಹೊರತೆಗೆದು ಕೊಡವಿ. ಮೆದು ಬ್ರಷ್‌ನಿಂದ ರೇಡಿಯೇಟರಿನ ತೆಳು ರೆಕ್ಕೆಗಳ ಉದ್ದಕ್ಕೇ, ಮೇಲಿನಿಂದ ಕೆಳಕ್ಕೆ ಗುಡಿಸಿ. ಅಡ್ಡಡ್ಡ ಉಜ್ಜಿದರೆ ರೆಕ್ಕೆ ಮಡಚುತ್ತದೆ. ಆಮೇಲೆ ಎಂಜಿನ್ ಬದಿಯಿಂದ ಗಾಳಿ ಹೊಡೆಯಿರಿ, ನಾಜಲ್ ಒಂದಡಿ ದೂರವಿರಲಿ. ಹೊಟ್ಟು ಪೂರ್ತಿ ಹೋದ ಮೇಲೆ ಉಳಿದ ಜಿಡ್ಡು ಮಣ್ಣಿಗೆ ಮಾತ್ರ ನೀರು, ಅದೂ ಸಾಧಾರಣ ಒತ್ತಡದ್ದು. ಎಲ್ಲ ಆಯಿತೇ ಎಂದು ತಿಳಿಯಲು ಕತ್ತಲಾದ ಮೇಲೆ ಒಂದು ಬದಿಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬೆಳಕು ಕಾಣದ ಕಡೆ ಗಾಳಿಯೂ ಆಡುವುದಿಲ್ಲ. ಮಡಚಿದ ರೆಕ್ಕೆಗಳನ್ನು ತೆಳು ಹಲಗೆ ಚೂರಿನಿಂದ ನಿಧಾನವಾಗಿ ನೆಟ್ಟಗೆ ಮಾಡಬಹುದು. ಸ್ಕ್ರೂಡ್ರೈವರ್ ಬಳಸಿ ಕೊಳವೆ ತೂತು ಮಾಡಿಕೊಂಡವರು ಬೇಕಾದಷ್ಟಿದ್ದಾರೆ.

ಒಕ್ಕಣೆಯ ದಿನಗಳಲ್ಲಿ ಈ ಕೆಲಸವನ್ನು ಸಂಜೆಗೆ ಕಾಯಿಸಬೇಡಿ. ಯಂತ್ರ ನಿಲ್ಲಿಸಿದ ಪ್ರತಿ ಬಿಡುವಿನಲ್ಲೂ ಎಂಜಿನ್ ಆರಿಸಿ ಜಾಲರಿ ಕೊಡವಿ. ಉಷ್ಣದ ಮುಳ್ಳು ಕೆಂಪಿಗೆ ಬಂದ ಮೇಲೆ ಕೊಡವಿದರೆ ತಡವಾಯಿತು. ಕಬ್ಬಿನ ಗದ್ದೆಯಲ್ಲಿ ರವದಿ, ಅಂದರೆ ಒಣಗಿದ ಕಬ್ಬಿನ ಗರಿ, ಎಂಜಿನ್ ಕೆಳಗೆ, ಸೈಲೆನ್ಸರ್ ಬುಡದಲ್ಲಿ ಗೂಡು ಕಟ್ಟುತ್ತದೆ. ಅಲ್ಲಿ ಬೆಂಕಿಗೆ ಬೇಕಾದ್ದೆಲ್ಲ ಸಿದ್ಧವಾಗಿರುತ್ತದೆ, ಹಾಗಾಗಿ ಕಬ್ಬಿನ ಕೆಲಸದಲ್ಲಿ ದಿನಕ್ಕೆರಡು ಸಲ ಬಗ್ಗಿ ನೋಡಬೇಕು. ಇನ್ನೊಂದು ಮಾತು, ಆಯುಧಪೂಜೆಗೆ ಗ್ರಿಲ್‌ಗೆ ಕಟ್ಟಿದ ಬಾಳೆಕಂದು ಮತ್ತು ಹಾರಗಳನ್ನು ಗಾಡಿ ಕೆಲಸಕ್ಕೆ ಹೊರಡುವ ಮುಂಚೆ ಬಿಚ್ಚಿ. ವಾರಗಟ್ಟಲೆ ಹಾಗೇ ಬಿಟ್ಟರೆ ಒಣಗಿದ ಎಸಳೆಲ್ಲ ರೇಡಿಯೇಟರ್ ಸೇರುತ್ತದೆ.

ಏರ್ ಕ್ಲೀನರ್

ನಿಮ್ಮ ಗಾಡಿಯದು ಎಣ್ಣೆಯಲ್ಲಿ ದೂಳು ಹಿಡಿಯುವ ಆಯಿಲ್ ಬಾತ್ ಮಾದರಿಯೋ, ಒಣ ಕಾಗದದ ಮಾದರಿಯೋ ಎಂಬುದು ಮೊದಲು ಗೊತ್ತಿರಬೇಕು. ಎರಡರ ಕ್ರಮವೂ ಬೇರೆ.

ಆಯಿಲ್ ಬಾತ್‌ನಲ್ಲಿ ಕೆಳಗಿನ ಬಟ್ಟಲನ್ನು ಕ್ಲಿಪ್ ತೆಗೆದು ಇಳಿಸಿ. ಎಣ್ಣೆಯ ತಳದಲ್ಲಿ ಬೆರಳಾಡಿಸಿದಾಗ ಅರ್ಧ ಇಂಚಿನಷ್ಟು ರಾಡಿ ಸಿಕ್ಕಿದರೆ ಎಣ್ಣೆ ಬದಲಿಸುವ ಹೊತ್ತಾಯಿತು. ದೂಳಿನ ಕೆಲಸದಲ್ಲಿ ಇದು ಕೆಲವೇ ದಿನಕ್ಕೆ ಬರಬಹುದು. ಹಳೇ ಎಣ್ಣೆಯನ್ನು ಕ್ಯಾನ್‌ಗೆ ಸುರಿದು, ಬಟ್ಟಲನ್ನೂ ತಂತಿಜಾಲರಿಯನ್ನೂ ಡೀಸೆಲ್‌ನಲ್ಲಿ ತೊಳೆದು, ಜಾಲರಿಯಿಂದ ಡೀಸೆಲ್ ಪೂರ್ತಿ ಬಸಿಯುವವರೆಗೆ ನೆರಳಲ್ಲಿಡಿ. ಹೊಸ ಎಣ್ಣೆ ಎಂಜಿನ್‌ಗೆ ಹಾಕುವ ದರ್ಜೆಯದ್ದೇ ಇರಲಿ. ಬಟ್ಟಲಿನ ಗೋಡೆಯ ಮೇಲಿನ ಬಾಣದ ಗುರುತಿಗೆ ಸರಿಯಾಗಿ ಹಾಕಿ. ‘ಒಂದಿಷ್ಟು ಜಾಸ್ತಿ ಇದ್ದರೆ ಒಳ್ಳೇದೇ’ ಎನ್ನುವ ಮಾತು ಇಲ್ಲಿ ನಡೆಯದು. ಹೆಚ್ಚಾದ ಎಣ್ಣೆಯನ್ನು ಎಂಜಿನ್ ಎಳೆದುಕೊಂಡರೆ ಅದೇ ಇಂಧನವಾಗಿ ಎಂಜಿನ್ ತನ್ನಷ್ಟಕ್ಕೆ ವೇಗ ಏರಿಸಿಕೊಳ್ಳಬಹುದು, ಸ್ಟಾಪ್ ಎಳೆದರೂ ನಿಲ್ಲದು. ಕೆಸರುಗದ್ದೆಯಿಂದ ಬಂದ ಮೇಲೆ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ ಅಡಿಯಲ್ಲಿ ನೀರು ಕೂತಿದೆ ಎಂದರ್ಥ.

ಒಣ ಮಾದರಿಯಲ್ಲಿ ಡಬ್ಬಿಯ ಕೆಳತುದಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಬಾಯಿ ಇರುತ್ತದೆ. ಅದನ್ನು ದಿನವೂ ಎರಡು ಬೆರಳಿನಿಂದ ಹಿಸುಕಿದರೆ ದೂಳು ಉದುರುತ್ತದೆ. ಒಳಗಿನ ಕಾಗದದ ಫಿಲ್ಟರನ್ನು ಮೀಟರ್ ಬೋರ್ಡಿನ ಏರ್ ಫಿಲ್ಟರ್ ದೀಪ ಹತ್ತಿದಾಗ ಅಥವಾ ಕೈಪಿಡಿ ಹೇಳಿದ ಗಂಟೆಗೆ ಮಾತ್ರ ತೆಗೆಯಿರಿ. ಪದೇ ಪದೇ ಬಿಚ್ಚಿದಷ್ಟೂ ಸೀಲ್ ಸಡಿಲಾಗುತ್ತದೆ. ಗಾಳಿಯನ್ನು ಒಳಗಿನಿಂದ ಹೊರಕ್ಕೆ ಹೊಡೆಯಬೇಕು, ಒತ್ತಡ 30 ಪಿಎಸ್‌ಐ ಮೀರಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಇದರ ಮೂರು ನಾಲ್ಕು ಪಟ್ಟು ಇರುತ್ತದೆ, ನೇರ ಹಿಡಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಫಿಲ್ಟರ್ ಒಳಗೆ ಬಲ್ಬ್ ಅಥವಾ ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿ. ಸೂಜಿಮೊನೆಯಷ್ಟು ಬೆಳಕು ಚುಕ್ಕಿಯಾಗಿ ಕಂಡರೂ ಆ ಫಿಲ್ಟರ್ ಗುಜರಿಗೆ. ಅಷ್ಟು ತೂತಿನಿಂದ ಹೋದ ದೂಳು ಎಂಜಿನ್ ಒಳಗಿನ ಲೈನರ್ ಮತ್ತು ರಿಂಗನ್ನು ಉಪ್ಪುಕಾಗದದಂತೆ ತಿನ್ನುತ್ತದೆ. ಟೈರಿಗೆ ಬಡಿದು ದೂಳು ಉದುರಿಸಬೇಡಿ, ಅಂಚು ಡೊಂಕಾದರೆ ಗಾಳಿ ಪಕ್ಕದಿಂದ ನುಗ್ಗುತ್ತದೆ. ನಡುವೆ ಇರುವ ಸಣ್ಣ ಫಿಲ್ಟರನ್ನು ಶುಚಿ ಮಾಡುವ ಪದ್ಧತಿಯೇ ಇಲ್ಲ, ಕೊಳೆಯಾದರೆ ಹೊಸದು ಹಾಕಬೇಕು.

ಯಾವ ಮಾದರಿಯಾದರೂ ಗಾಡಿ ತೊಳೆಯುವ ಹೊತ್ತಿನಲ್ಲಿ ಏರ್ ಕ್ಲೀನರ್ ಬಿಚ್ಚಿಡಬೇಡಿ. ಇದರ ಕೆಲಸ ತೊಳೆಯುವ ಮೊದಲೋ, ಗಾಡಿ ಒಣಗಿದ ಮೇಲೋ.

ಈಗ ನೀರು

ಮಡ್‌ಗಾರ್ಡ್ ಒಳಮೈ, ಆಕ್ಸಲ್, ಲಿಫ್ಟ್ ತೋಳುಗಳ ಹೆಂಟೆಗಳನ್ನು ಮರದ ಅಥವಾ ಬಿದಿರಿನ ಪಟ್ಟಿಯಿಂದ ಕೆರೆದು ಹಾಕಿ. ಕುಡುಗೋಲು, ಗುದ್ದಲಿ ಬಳಸಿದರೆ ಬಣ್ಣ ಹೋಗಿ ಅಲ್ಲೇ ತುಕ್ಕು ಶುರು. ಉಳಿದದ್ದಕ್ಕೆ ನೀರು ಚಿಮುಕಿಸಿ 15 ನಿಮಿಷ ನೆನೆಯಲು ಬಿಡಿ. ಈ ನೆನೆಸುವಿಕೆಯಲ್ಲೇ ನೀರಿನ ಉಳಿತಾಯ ಇರುವುದು. ಸಾಧಾರಣ ಪೈಪ್ ನಿಮಿಷಕ್ಕೆ 15ರಿಂದ 20 ಲೀಟರ್ ಬಿಡುತ್ತದೆ, 20 ನಿಮಿಷ ಸುಮ್ಮನೆ ಹಿಡಿದು ನಿಂತರೆ 300 ಲೀಟರ್ ಮೇಲೆ ಹೋಯಿತು. ನೆನೆಸಿ, ಬ್ರಷ್ ಹಾಕಿ, ಬಕೆಟ್‌ನಿಂದ ತೊಳೆದರೆ ಅದರ ಕಾಲುಭಾಗದಲ್ಲಿ ಕೆಲಸ ಮುಗಿಯುತ್ತದೆ.

ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ನೀರನ್ನು ಮೇಲಿನಿಂದ ಕೆಳಕ್ಕೆ ಬಿಡಿ. ಮೇಲಿನಿಂದ ಸೋಪು ಹಚ್ಚಿದರೆ ನೊರೆ ಒಣಕೊಳೆಯ ಮೇಲೆ ಇಳಿದು ಗೆರೆ ಗೆರೆಯಾಗಿ ಕಲೆ ಉಳಿಯುತ್ತದೆ. ವಾಹನದ ಶಾಂಪೂ 10 ಲೀಟರ್ ನೀರಿಗೆ ಎರಡು ಮುಚ್ಚಳದಷ್ಟು ಸಾಕು. ಬಟ್ಟೆ ಸೋಡಾ, ಪಾತ್ರೆ ಪುಡಿ ಬಳಸಿದರೆ ಬಣ್ಣ ಮಂಕಾಗುತ್ತದೆ. ಬಿಸಿಲಿನಲ್ಲಿ ಕಾದ ಬಾನೆಟ್ ಮೇಲೆ ಸೋಪು ಒಣಗಲು ಬಿಡಬೇಡಿ, ಬೆಳಿಗ್ಗೆ ಅಥವಾ ಸಂಜೆ ನೆರಳಲ್ಲಿ ತೊಳೆಯಿರಿ. ಗಡಸು ಬೋರ್‌ವೆಲ್ ನೀರಾದರೆ ಬಾನೆಟ್ ಮತ್ತು ದೀಪದ ಗಾಜನ್ನು ಒಣಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಿಳಿ ಚುಕ್ಕೆ ಕೂತುಬಿಡುತ್ತದೆ.

ಒತ್ತಡದ ವಾಷರ್ ಇದ್ದರೆ ಅದನ್ನು ಟೈರ್, ರಿಮ್, ಮಡ್‌ಗಾರ್ಡ್ ಒಳಗೆ, ಚಾಸಿಗೆ, ನೇಗಿಲು ರೋಟಾವೇಟರ್‌ಗಳಿಗೆ ಇಟ್ಟುಕೊಳ್ಳಿ. ನಾಜಲ್ ಒಂದಡಿಗಿಂತ ಹತ್ತಿರ ತರಬೇಡಿ, ಸ್ಟಿಕ್ಕರ್ ಇರುವ ಕಡೆ ಎರಡಡಿ. ಹಬ್ ಮತ್ತು ಆಕ್ಸಲ್ ಸೀಲ್, ಗೇರ್ ಲಿವರ್‌ನ ರಬ್ಬರ್, ಗೇರ್‌ಪೆಟ್ಟಿಗೆಯ ಗಾಳಿಕಿಂಡಿ, ಡೀಸೆಲ್ ಪಂಪ್, ವೈರಿಂಗ್ ಕಪ್ಲರ್, ಬ್ಯಾಟರಿ, ಇವುಗಳ ಕಡೆ ನಾಜಲ್ ತಿರುಗಿಸಲೇಬೇಡಿ. ರೇಡಿಯೇಟರ್‌ಗಂತೂ ಆ ಒತ್ತಡ ಬೇಡ. ವಾಷರ್ ಕರೆಂಟಿನದಾದರೆ ಅರ್ತಿಂಗ್ ಇರುವ ಸಾಕೆಟ್ ಬೇಕು, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ನೀರಲ್ಲಿ ಬಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಜೊತೆ ಚೆಲ್ಲಾಟ ಬೇಡ.

ಎಂಜಿನ್ ಮೇಲಿನ ಎಣ್ಣೆ ಜಿಡ್ಡಿಗೆ ಡೀಸೆಲ್ ಬಳಸಬಹುದು. ಆದರೆ ಒಂದು ಲೋಟದಷ್ಟು, ಬ್ರಷ್‌ನಿಂದ, ಜಿಡ್ಡಿರುವ ಜಾಗಕ್ಕೆ ಮಾತ್ರ. ಆಮೇಲೆ ಸೋಪುನೀರಿನಿಂದ ಅದನ್ನೂ ತೆಗೆಯಬೇಕು. ತೊಳೆದ ಮೇಲೆ ಗಾಡಿಗೆಲ್ಲ ಡೀಸೆಲ್ ಸ್ಪ್ರೇ ಹೊಡೆದು ‘ಪಾಲಿಶ್’ ಮಾಡಿಕೊಡುವ ಕಡೆಗೆ ಹೋಗುವುದಾದರೆ ಬೇಡ ಎಂದು ಮೊದಲೇ ಹೇಳಿ. ಎರಡು ದಿನ ಹೊಳೆಯುತ್ತದೆ, ಮೂರನೆಯ ದಿನ ಊರಿನ ದೂಳೆಲ್ಲ ಅದಕ್ಕೆ ಅಂಟುತ್ತದೆ. ಫ್ಯಾನ್ ಬೆಲ್ಟ್, ಹೋಸ್ ಪೈಪ್, ರಬ್ಬರ್ ಬೂಟು, ಟೈರು ಎಲ್ಲ ಉಬ್ಬಿ ಮೆತ್ತಗಾಗುತ್ತವೆ. ಕರಿ ಎಣ್ಣೆ ಬಳಿಯುವುದೂ ಅದೇ ಸಾಲಿನ ಕೆಲಸ. ಪೆಟ್ರೋಲ್ ಅಂತೂ ಹತ್ತಿರ ಸುಳಿಯಬಾರದು.

ಬ್ಯಾಟರಿಯ ತುದಿಯಲ್ಲಿ ಬಿಳಿ ಹಸಿರು ಬೂಷ್ಟು ಕಟ್ಟಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೊರೆ ಬರುವುದು ನಿಂತರೆ ಆಮ್ಲ ಹೋದಂತೆ. ಮುಚ್ಚಳಗಳು ಬಿಗಿಯಿರಲಿ, ಸೋಡಾನೀರು ಒಳಗಿಳಿದರೆ ಬ್ಯಾಟರಿಯೇ ಹಾಳು. ಒರೆಸಿ, ವೈರ್ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಕೆಸರುಗದ್ದೆಗೆ ಇಳಿಯುವ ಗಾಡಿ

ಗಂಗಾವತಿ, ಸಿಂಧನೂರು, ದಾವಣಗೆರೆಯಂಥ ಕಾಲುವೆ ನೀರಾವರಿ ಕಡೆ ನಾಟಿಯ ಹಂಗಾಮಿನಲ್ಲಿ ಕೇಜ್ ವೀಲ್ (ಕೆಸರಿಗೆಂದೇ ಹಾಕುವ ಕಬ್ಬಿಣದ ಚಕ್ರ) ಹಾಕಿದ ಗಾಡಿ ದಿನವಿಡೀ ಕೆಸರಿನಲ್ಲೇ ಇರುತ್ತದೆ. ಇದಕ್ಕೆ ಬೇರೆಯೇ ಆರೈಕೆ ಬೇಕು.

ಹಲವು ಮಾದರಿಗಳಲ್ಲಿ ಕ್ಲಚ್ ಹೌಸಿಂಗ್ ಅಡಿಯಲ್ಲಿ ಒಂದು ರಂಧ್ರ ಇರುತ್ತದೆ. ಒಳಗೆ ಎಣ್ಣೆ ಸೋರಿದರೆ ಹೊರಬರಲೆಂದು ಉಳಿದ ದಿನಗಳಲ್ಲಿ ಅದು ತೆರೆದಿರಬೇಕು. ಗದ್ದೆಗೆ ಇಳಿಸುವ ಮುಂಚೆ ಅದಕ್ಕೆ ಪ್ಲಗ್ ಹಾಕಬೇಕು, ಹಂಗಾಮು ಮುಗಿದ ಮೇಲೆ ಮರೆಯದೆ ತೆಗೆಯಬೇಕು. ಹಾಕಲು ಮರೆತರೆ ಕೆಸರು ಕ್ಲಚ್ ಪ್ಲೇಟ್ ಸೇರುತ್ತದೆ. ತೆಗೆಯಲು ಮರೆತರೆ ಸೋರಿದ ಎಣ್ಣೆ ಅಲ್ಲೇ ನಿಂತು ಪ್ಲೇಟ್ ಜಾರುತ್ತದೆ, ಕಾರಣ ತಿಳಿಯದೆ ಗಾಡಿ ಬಿಚ್ಚಿಸಬೇಕಾಗುತ್ತದೆ.

ಸಂಜೆ ಗದ್ದೆಯಿಂದ ಮೇಲೆ ಬಂದಾಗ ಕೆಸರು ಹಸಿಯಿರುವಾಗಲೇ ಕೇಜ್ ವೀಲ್, ಮುಂದಿನ ಆಕ್ಸಲ್, ಹಬ್, ಬ್ರೇಕ್ ಕಡೆ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಿರಿ. ಡೀಸೆಲ್ ಪಂಪ್ ಇರುವ ಬದಿಗೆ ಎಂಜಿನ್ ಆರುವ ತನಕ ನೀರು ಬೇಡ. ಆಕ್ಸಲ್‌ಗೆ ಸುತ್ತಿದ ಹುಲ್ಲು ಮತ್ತು ಪ್ಲಾಸ್ಟಿಕ್ ದಾರವನ್ನು ಕತ್ತರಿಸಿ ಎಳೆಯಿರಿ. ಒಂದು ಗೇಣು ನೈಲಾನ್ ದಾರ ಸಾಕು, ತಿರುಗುತ್ತಾ ಸೀಲ್‌ನ ತುಟಿಯನ್ನು ಕೊಯ್ದು ಹಾಕುತ್ತದೆ. ತೊಳೆದ ಮೇಲೆ ಮುಂದಿನ ಆಕ್ಸಲ್‌ನ ನಿಪ್ಪಲ್‌ಗಳಿಗೆ ಅದೇ ಸಂಜೆ ಗ್ರೀಸ್ ತುಂಬಿಸಬೇಕು. ಬೆಳಿಗ್ಗೆಗೆ ಬಿಟ್ಟರೆ ರಾತ್ರಿಯಿಡೀ ಒಳಗಿನ ನೀರು ಕೂತು ತುಕ್ಕು ಹಿಡಿಸುತ್ತದೆ.

ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ಗೇರ್ ಆಯಿಲ್ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ರಾತ್ರಿ ನಿಂತ ಗಾಡಿಯಲ್ಲಿ ನೀರು ತಳಕ್ಕೆ ಇಳಿದಿರುತ್ತದೆ. ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲಿಸಿದರೆ ಮೊದಲು ನೀರೇ ತೊಟ್ಟಿಕ್ಕುವುದು ಕಾಣುತ್ತದೆ. ಆ ಎಣ್ಣೆಯಲ್ಲಿ ಗಾಡಿ ಓಡಿಸಬೇಡಿ. 30 ಲೀಟರ್ ಮೇಲೆ ಹಿಡಿಯುವ ಗೇರ್ ಹೌಸಿಂಗ್‌ನ ಎಣ್ಣೆ ಬದಲಿಸುವುದು ಜೇಬಿಗೆ ಭಾರವೇ, ಆದರೆ ಬೇರಿಂಗ್ ಮತ್ತು ಹೈಡ್ರಾಲಿಕ್ ಪಂಪ್ ಅದಕ್ಕಿಂತ ಭಾರ. ಎಣ್ಣೆ ಬದಲಿಸುವುದರ ಜೊತೆಗೆ ನೀರು ಎಲ್ಲಿಂದ ಬಂತೆಂದು ಹುಡುಕಿ ಆ ಸೀಲನ್ನೂ ಬದಲಿಸಬೇಕು.

ತೊಳೆದಾದ ಮೇಲೆ

ಮುಚ್ಚಿದ ಚೀಲ, ಡಬ್ಬಿಗಳನ್ನೆಲ್ಲ ತೆಗೆಯಿರಿ. ಎಷ್ಟು ಮುಚ್ಚಿದ್ದಿರಿ ಎಂದು ಮೊದಲೇ ಎಣಿಸಿಟ್ಟಿದ್ದರೆ ಮರೆಯುವುದಿಲ್ಲ. ಅರ್ಧ ಗಂಟೆ ಗಾಳಿಗೆ ಬಿಟ್ಟು, ಬ್ಯಾಟರಿ ಜೋಡಿಸಿ, ಎಂಜಿನ್‌ ಚಾಲೂ ಮಾಡಿ ಸುಮಾರು 1000 ಆರ್‌ಪಿಎಂನಲ್ಲಿ 10 ನಿಮಿಷ ಓಡಿಸಿ. ಸಂದಿಗೊಂದಿಯ ನೀರು ಆ ಬಿಸಿಗೆ ಆರುತ್ತದೆ. ನಂತರ ನಿಧಾನವಾಗಿ ಗಾಡಿ ಓಡಿಸುತ್ತಾ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ. ಒಣ ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಒದ್ದೆ ಬ್ರೇಕ್ ಹಿಡಿಯುವುದಿಲ್ಲ. ಲೋಡ್ ತುಂಬಿದ ಟ್ರೇಲರ್ ಕಟ್ಟಿಕೊಂಡ ಮೇಲೆ ಇದು ಗೊತ್ತಾಗುವುದು ಬೇಡ. ಎರಡೂ ಪೆಡಲ್ ಸಮನಾಗಿ ಹಿಡಿಯುತ್ತವೆಯೇ ಎಂಬುದನ್ನೂ ಇಲ್ಲೇ ನೋಡಿಕೊಳ್ಳಿ.

ಗ್ರೀಸ್ ಹೊಡೆಯದ ತೊಳೆತ ಅರ್ಧ ತೊಳೆತ. ಪ್ರತಿ ನಿಪ್ಪಲ್‌ನ ಮೂತಿಯನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಮೂತಿಯ ಮೇಲಿನ ಮರಳನ್ನು ಗ್ರೀಸ್ ಗನ್ ನಿಪ್ಪಲ್ ಒಳಕ್ಕೆ ತಳ್ಳುತ್ತದೆ. ಮುಂದಿನ ಆಕ್ಸಲ್‌ನ ನಡುಪಿನ್, ಎರಡೂ ಬದಿಯ ಸ್ಪಿಂಡಲ್, ಕ್ಲಚ್ ಬ್ರೇಕ್ ಪೆಡಲ್‌ನ ಶಾಫ್ಟ್, ಲಿಫ್ಟ್ ಕಡ್ಡಿಯ ಗೇರ್, ಇವನ್ನು ಬಿಡಬೇಡಿ. ಹಳೇ ಕಪ್ಪು ಗ್ರೀಸ್ ಹೊರಬಂದು, ಅದರ ಹಿಂದೆ ಹೊಸ ಗ್ರೀಸ್‌ನ ಬಣ್ಣ ಕಾಣುವವರೆಗೆ ಗನ್ ಒತ್ತಿ. ಹೊರಬಂದದ್ದನ್ನು ಒರೆಸಿ ತೆಗೆಯಿರಿ. ಹೊಸ ಗ್ರೀಸ್ ಎಷ್ಟೊತ್ತಿಗೂ ಇಳಿಯದಿದ್ದರೆ ನಿಪ್ಪಲ್ ಮುಚ್ಚಿದೆ, ಅದನ್ನೇ ಬದಲಿಸಿ. ಹಿಂದಿನ ಯಂತ್ರಗಳನ್ನು ತಿರುಗಿಸುವ ಪಿಟಿಒ ಶಾಫ್ಟ್‌ನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರಿ ಟೋಪಿ ಹಾಕಿ. ಟ್ರೇಲರ್ ಎತ್ತುವ ಹೈಡ್ರಾಲಿಕ್ ಪೈಪಿನ ಕಪ್ಲಿಂಗ್‌ಗೂ ಮುಚ್ಚಳ ಬೇಕು. ಅಲ್ಲಿ ಕೂತ ಒಂದು ಚಿಟಿಕೆ ಮರಳು ಒಳಗೆ ಹೋದರೆ ಲಿಫ್ಟ್ ಜರ್ಕ್ ಹೊಡೆಯಲು ಶುರು ಮಾಡುತ್ತದೆ.

ಶುಭ್ರವಾದ ಗಾಡಿ ಎದುರಿಗಿದೆ, ಈಗಲೇ ಒಂದು ಸುತ್ತು ಹಾಕಿ. ಚಕ್ರದ ನಟ್ ಸುತ್ತ ತುಕ್ಕಿನ ಪುಡಿ ಗೆರೆಯಾಗಿ ಇಳಿದಿದ್ದರೆ ಆ ನಟ್ ಸಡಿಲ. ಹಬ್ ಕೆಳಗೆ ಎಣ್ಣೆಯ ತೇವ, ಲಿಫ್ಟ್ ತೋಳಿನಲ್ಲಿ ಬಿರುಕು, ಎಲ್ಲೋ ಬಿದ್ದುಹೋದ ಸ್ಪ್ಲಿಟ್ ಪಿನ್, ಎಲ್ಲವೂ ಈಗ ಕಾಣುತ್ತವೆ. ಕಬ್ಬು ಸಾಗಿಸುವವರು ಟ್ರೇಲರ್ ಹಿಂದಿನ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ದೀಪವನ್ನೂ ದಿನವೂ ಒರೆಸಬೇಕು. ಮಣ್ಣು ಮೆತ್ತಿದ ಪಟ್ಟಿ ಇದ್ದೂ ಇಲ್ಲದಂತೆ, ರಾತ್ರಿ ಹಿಂದಿನಿಂದ ಬರುವ ಬೈಕಿನವನಿಗೆ ಟ್ರೇಲರ್ ಕಾಣುವುದೇ ಇಲ್ಲ.

ಗೊಬ್ಬರ, ಔಷಧಿ, ಹೊಲದಿಂದ ಹೊಲಕ್ಕೆ ಹೋಗುವ ಮಣ್ಣು

ಯೂರಿಯಾ ಗಾಳಿಯ ತೇವ ಹೀರಿ ಕಬ್ಬಿಣವನ್ನು ಸದಾ ಒದ್ದೆಯಾಗಿಡುತ್ತದೆ, ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಉಪ್ಪಿನಂತೆಯೇ ಕಬ್ಬಿಣ ತಿನ್ನುತ್ತದೆ. ಇವು ಬಿದ್ದ ಗಾಡಿ ಮತ್ತು ಕೂರಿಗೆಯನ್ನು ಮೊದಲು ಒಣಗಿದ್ದಾಗ ಗುಡಿಸಿ, ಆಮೇಲೆ ಧಾರಾಳ ನೀರು ಬಿಡಿ. ಔಷಧಿ ಹೊಡೆದ ಗಾಡಿಗೆ ಕೈಗವಸು ಹಾಕಿಯೇ ಕೈ ಹಚ್ಚಿ. ಟ್ಯಾಂಕನ್ನು ಮೂರು ಸಲ ತೊಳೆದು, ಆ ನೀರನ್ನು ಅದೇ ಬೆಳೆಯ ಮೇಲೆ ತೆಳುವಾಗಿ ಸಿಂಪಡಿಸಿ ಮುಗಿಸಿ. ಸ್ಟೀರಿಂಗ್ ಮತ್ತು ಸೀಟನ್ನು ಸೋಪಿನಿಂದ ಒರೆಸುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮರುದಿನ ಅದೇ ಸ್ಟೀರಿಂಗ್ ಹಿಡಿದ ಕೈಯಲ್ಲೇ ಬುತ್ತಿ ಬಿಚ್ಚುವುದು.

ಬಾಡಿಗೆಗೆ ಓಡುವ ಗಾಡಿಗಳು ಹೊಲದಿಂದ ಹೊಲಕ್ಕೆ ಹೊತ್ತೊಯ್ಯುವ ಮಣ್ಣಿನ ಬಗ್ಗೆಯೂ ಯೋಚಿಸಬೇಕು. ರೋಟಾವೇಟರ್ ಬ್ಲೇಡಿಗೆ ಮೆತ್ತಿದ ಒಂದು ಹಿಡಿ ಮಣ್ಣಿನಲ್ಲಿ ಜೇಕಿನ ಗೆಡ್ಡೆ, ಪಾರ್ಥೇನಿಯಂ ಬೀಜ ಆರಾಮವಾಗಿ ಪ್ರಯಾಣ ಮಾಡುತ್ತವೆ. ಶುಂಠಿಯ ಕೊಳೆರೋಗ, ಬಾಳೆಯ ಪನಾಮ ಸೊರಗು ರೋಗ ಮಣ್ಣಿನಲ್ಲೇ ಬದುಕುವಂಥವು. ರೋಗ ಬಿದ್ದ ತೋಟದಲ್ಲಿ ಉಳುಮೆ ಮಾಡಿದರೆ ಅದೇ ಹೊಲದ ಬದುವಿನಲ್ಲೇ ಟೈರು ಮತ್ತು ಬ್ಲೇಡ್ ಕೆರೆದು, ತೊಳೆದು ಹೊರಡಿ. ಬಾಡಿಗೆಗೆ ಕರೆಸುವ ರೈತರು ಗಾಡಿ ಹೊಲಕ್ಕೆ ಇಳಿಯುವ ಮೊದಲು ಬ್ಲೇಡ್ ನೋಡಿ, ತೊಳೆದು ಬಾ ಎನ್ನಲು ಸಂಕೋಚ ಪಡಬೇಕಿಲ್ಲ.

ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ

ಪೂರ್ತಿ ತೊಳೆದು, ಎರಡು ದಿನ ಒಣಗಿಸಿ, ಬಣ್ಣ ಹೋದ ಕಡೆ ತುಕ್ಕು ಉಜ್ಜಿ ಪ್ರೈಮರ್ ಹಚ್ಚಿ. ನೇಗಿಲ ಕುಳ, ರೋಟಾವೇಟರ್ ಬ್ಲೇಡ್, ಕೂರಿಗೆಯ ಮೊನೆಗೆ ಗ್ರೀಸ್ ಸವರಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಟ್ಯಾಂಕಿನ ಒಳಮೈಯಲ್ಲಿ ರಾತ್ರಿಯ ತೇವ ಹನಿಗಟ್ಟುತ್ತದೆ. ಬಾನೆಟ್ ಒಳಗೆ, ಸೀಟಿನ ಅಡಿಯಲ್ಲಿ ಒಂದು ಹಿಡಿ ಹೊಟ್ಟೂ ಕಾಳೂ ಉಳಿಯದಂತೆ ನೋಡಿ. ಉಳಿದರೆ ಇಲಿ ಸಂಸಾರ ಹೂಡುತ್ತದೆ, ವೈರಿಂಗ್ ಕತ್ತರಿಸುತ್ತದೆ. ಬ್ಯಾಟರಿ ವೈರ್ ಬಿಚ್ಚಿಡಿ. ಸೈಲೆನ್ಸರ್ ಬಾಯಿಗೆ ಮತ್ತೆ ಡಬ್ಬಿ ಹಾಕಿ, ಹಾಕಿದ್ದೇನೆ ಎಂಬುದಕ್ಕೆ ಸ್ಟೀರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟಿ. ಮುಂಗಾರಿಗೆ ಗಾಡಿ ಚಾಲೂ ಮಾಡುವುದು ನೀವಲ್ಲದೆ ಮಗನೋ ಡ್ರೈವರೋ ಆಗಿದ್ದರೂ ಆ ಬಟ್ಟೆ ಬಿಚ್ಚುವಾಗ ಡಬ್ಬಿಯ ನೆನಪಾಗುತ್ತದೆ.